ಮೀನುಮರಿಯ ಮನೆ ಕಡಿಯಬೇಡಿ

ಮಾನ್ಯರೇ,

ಭಾನುವಾರ ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಗಾಳ ಹಾಕಿ ಕೂರುವವರಲ್ಲಿ ನಾನೂ ಒಬ್ಬ. ಕಳೆದ ವಾರ ಹೋದಾಗ ನೀರಂಚಿನಲ್ಲಿ ಅರ್ಧ ಮುಳುಗಿ ನಿಂತಿದ್ದ ಜಾಲಿ ಪೊದೆಗಳನ್ನೆಲ್ಲ ಯಾರೋ ಕಡಿದು ‘ಸ್ವಚ್ಛ’ ಮಾಡಿದ್ದರು. ಬಳ್ಳಾರಿ ಜಾಲಿ ಹೊಲಕ್ಕೆ ಶತ್ರು, ಒಪ್ಪುತ್ತೇನೆ. ನೀರಿನೊಳಗೆ ಅದರ ಕಥೆಯೇ ಬೇರೆ.

ಮೊಟ್ಟೆಯೊಡೆದು ಬಂದ ಮರಿ ಮೊದಲ ಎರಡು ಮೂರು ದಿನ ಹೊಟ್ಟೆಗಂಟಿದ ಚೀಲದ ಆಹಾರದಲ್ಲೇ ಬದುಕುತ್ತದೆ. ಅದು ಕರಗಿದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಬೇಕು. ಅವು ಹೇರಳವಾಗಿರುವುದು ಬಿಸಿಲು ತಳ ಮುಟ್ಟುವ ಅಂಚಿನ ನೀರಿನಲ್ಲಿ, ಮುಳುಗಿದ ಹುಲ್ಲು, ಪಾಚಿ ಹತ್ತಿದ ರೆಂಬೆಗಳ ನಡುವೆ. ಕೊಕ್ಕರೆ, ನೀರುಕಾಗೆ, ದೊಡ್ಡ ಮೀನುಗಳಿಂದ ಅಡಗಲೂ ಅದೇ ಆಸರೆ. ಬೆರಳುದ್ದವಾಗುವ ಮೊದಲೇ ಬಯಲಿಗೆ ಬಿದ್ದ ಮರಿ ಉಳಿಯುವುದು ಅಪರೂಪ.

ಭರ್ತಿಯಾದಾಗ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಲ್ಲುವ ನೀರು ಬೇಸಿಗೆಯಲ್ಲಿ ಇಳಿದಾಗ ಈ ಅಂಚು ಒಣಗಿ ಬಿರಿಯುತ್ತದೆ. ಬೆಳೆಗೂ ಕುಡಿಯಲೂ ನೀರು ಬೇಕು, ಅದಕ್ಕೆ ತಕರಾರಿಲ್ಲ. ಮುಂಗಾರಿನಲ್ಲಿ ಮತ್ತೆ ಮುಳುಗುವ ಪೊದೆಯನ್ನಾದರೂ ಬಿಡಬಹುದಲ್ಲ? ಕಾಟ್ಲಾ, ರೋಹು ಹೊಸ ನೀರಿಗೆ ಎದುರೀಜಿ ಮೊಟ್ಟೆಯಿಡುವ ಅದೇ ಸಮಯದಲ್ಲಿ ಸೊಳ್ಳೆಪರದೆಯಂಥ ಬಲೆ ಎಳೆಯುವವರೂ ಇದ್ದಾರೆ. ಒಂದು ಕಡೆ ಸರ್ಕಾರದ ಹಣದಲ್ಲಿ ಮರಿ ಬಿತ್ತನೆ, ಇನ್ನೊಂದು ಕಡೆ ಹುಟ್ಟಿದ ಮರಿಯ ಬಾಚಾಟ!

ಸಂಬಂಧಪಟ್ಟವರು ಈ ಮಳೆಗಾಲಕ್ಕೆ ಮುನ್ನ ಹಿನ್ನೀರಿನ ಕೆಲವು ಕೊಲ್ಲಿಗಳನ್ನಾದರೂ ಮರಿಗಳಿಗೆಂದು ಗುರುತಿಸಿ, ಅಲ್ಲಿ ಕೊಡಲಿಯನ್ನೂ ಬಲೆಯನ್ನೂ ನಿಷೇಧಿಸಲಿ. ಗಾಳವನ್ನೂ ನಿಷೇಧಿಸಿದರೆ ನಾನು ಬೇರೆ ದಂಡೆ ಹುಡುಕಿಕೊಳ್ಳುತ್ತೇನೆ.

– ಓದುಗ, ಬಾಗಲಕೋಟೆ