ಹೂಳೆತ್ತುವ ಮೊದಲು ಒಂದು ಪೈಪಿನಷ್ಟು ಕೆರೆಗೋಡು ತೆಗೆದಿಡಿ

ಮಾನ್ಯರೇ,

ಈ ಬೇಸಿಗೆಯಲ್ಲೂ ನಮ್ಮ ಸುತ್ತಲಿನ ಕೆರೆಗಳಲ್ಲಿ ಹೂಳೆತ್ತುವ ಕೆಲಸ ನಡೆದಿದೆ. ಆಗಲೇಬೇಕಾದ ಕೆಲಸ. ನಾನೂ ಹೋದ ವರ್ಷ ಇಪ್ಪತ್ತು ಟ್ರ್ಯಾಕ್ಟರ್ ಗೋಡನ್ನು ಅಡಿಕೆ ಮರಗಳ ಬುಡಕ್ಕೆ ಹಾಕಿಸಿದ್ದೇನೆ. ಆದರೆ ಯಂತ್ರ ಕೆರೆಗಿಳಿಯುವ ಮೊದಲು ಆಗಬೇಕಾದ ಇನ್ನೊಂದು ಕೆಲಸವಿದೆ. ಅರ್ಧ ದಿನದಲ್ಲಿ ಮುಗಿಯುವಂಥದ್ದು, ಯಾರೂ ಮಾಡುತ್ತಿಲ್ಲ.

ಯಂತ್ರ ಕಡಿದ ಕಡೆ ಹೂಳು ಆಳೆತ್ತರದ ಗೋಡೆಯಂತೆ ನಿಂತಿತ್ತು. ಮೇಲೆ ಕೆಂಪು, ಅದರಡಿ ಬೂದು, ತಳದಲ್ಲಿ ಕಾಡಿಗೆಗಪ್ಪು, ನಡುನಡುವೆ ಬೆರಳಗಲದ ಮರಳಿನ ಗೆರೆ. ಒಂದು ಹೆಂಟೆಯನ್ನು ಮನೆಗೆ ತಂದು, ಒಣಗಿಸಿ ಪುಡಿ ಮಾಡಿ, ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಅದರ ಮೇಲೆ ಆಡಿಸಿದೆ. ಕರಿಯ ಕಣಗಳು ಚಿಗುರುಮೀಸೆಯಂತೆ ಕಾಗದಕ್ಕೆ ಹತ್ತಿ ನೆಟ್ಟಗೆ ನಿಂತವು. ಕೆಮ್ಮಣ್ಣುಗುಂಡಿಯ ಅದಿರು, ಭದ್ರಾವತಿಯ ಕಾರ್ಖಾನೆ ಇರುವ ಸೀಮೆ ನಮ್ಮದು. ಮಣ್ಣಿನಲ್ಲಿ ಕಬ್ಬಿಣ ಇರುವುದು ಹೊಸದೇನಲ್ಲ. ಆದರೆ ಈ ಕಣಗಳು ಕೆರೆಯ ತಳ ಸೇರುವಾಗ ಒಂದು ಸಾಕ್ಷ್ಯವನ್ನು ಹೊತ್ತೊಯ್ಯುತ್ತವೆ.

ನಿಂತ ನೀರಿನಲ್ಲಿ ನಿಧಾನವಾಗಿ ಇಳಿಯುವ ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಹತ್ತುವ ಕಬ್ಬಿಣದ ಖನಿಜ) ಕಣ ದಿಕ್ಸೂಚಿಯ ಮುಳ್ಳಿನಂತೆ ಭೂಮಿಯ ಕಾಂತಕ್ಷೇತ್ರದತ್ತ ತಿರುಗುತ್ತದೆ. ಮೇಲೆ ಮತ್ತೆ ಮತ್ತೆ ಹೂಳು ಬಿದ್ದು ಅದುಮಿದಾಗ ಹಾಗೆಯೇ ಬಿಗಿದು ಕೂರುತ್ತದೆ. ಕ್ಷೇತ್ರ ಬಲವಾಗಿದ್ದ ಕಾಲದಲ್ಲಿ ಹೆಚ್ಚು ಕಣಗಳು ಒಂದೇ ದಿಕ್ಕು ಹಿಡಿಯುತ್ತವೆ, ದುರ್ಬಲವಾಗಿದ್ದಾಗ ಕಡಿಮೆ. ಒಂದು ಪದರದಲ್ಲಿ ಒಟ್ಟು ಎಷ್ಟು ಕಬ್ಬಿಣದ ಕಣಗಳಿವೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ಪದರ ಪದರವಾಗಿ ಅಳೆದರೆ, ಕ್ಷೇತ್ರ ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದು ತಿಳಿಯುತ್ತದೆ. ಎಷ್ಟಿತ್ತು ಎಂಬ ನಿಜವಾದ ಅಂಕಿ ಬೇಕಾದರೆ ಲಾವಾ ಬಂಡೆ ಬೇಕು, ಇಲ್ಲವೇ ಸುಟ್ಟ ಮಣ್ಣು: ಹಳೆಯ ಇಟ್ಟಿಗೆ, ಹೆಂಚು, ಮಡಕೆ ಸುಡುವ ಆವಿಗೆಯ ನೆಲ. ಮ್ಯಾಗ್ನೆಟೈಟ್ ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಯುವಾಗ ಆ ಹೊತ್ತಿನ ಕ್ಷೇತ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಹಂತ ಹಂತವಾಗಿ ಮತ್ತೆ ಕಾಯಿಸಿ ಓದುವ ವಿಧಾನವನ್ನು ಫ್ರಾನ್ಸಿನ ತೆಲಿಯೇ ದಂಪತಿ 1959ರಲ್ಲಿ ಪ್ರಕಟಿಸಿದರು.

ಇದರಿಂದ ನಮಗೇನು ಎಂದು ಕೇಳುವವರಿದ್ದಾರೆ. ಸೂರ್ಯನಿಂದ ನುಗ್ಗಿ ಬರುವ ಕಣಗಳನ್ನು ತಡೆಯುವುದು ಇದೇ ಕಾಂತಕ್ಷೇತ್ರ. ಅದರ ಬಲವನ್ನು ನೇರವಾಗಿ ಅಳೆಯುವ ದಾರಿಯನ್ನು ಜರ್ಮನಿಯ ಗಣಿತಜ್ಞ ಗೌಸ್ ತೋರಿಸಿದ್ದು 1832ರಲ್ಲಿ. ಮುಂಬೈನ ಕೊಲಾಬಾದಲ್ಲಿ ಅಳತೆ ಶುರುವಾದದ್ದು 1841ರಲ್ಲಿ. ಊರಿಗೆ ವಿದ್ಯುತ್ ಟ್ರಾಮ್ ಬಂದರೆ ಅಳತೆ ಕೆಡುವುದೆಂದು ಆ ವೀಕ್ಷಣಾಲಯವನ್ನು 1904ರಲ್ಲಿ ಅಲಿಬಾಗ್‌ಗೆ ಒಯ್ದರು. ಅಷ್ಟು ಜೋಪಾನ ಮಾಡಿದ ಅಳತೆಯೂ ಎರಡು ಶತಮಾನ ತುಂಬದ್ದು. ಈ ಅವಧಿಯಲ್ಲಿ ಭೂಮಿಯ ಮುಖ್ಯ ಕ್ಷೇತ್ರ ಶೇಕಡಾ 9ರಷ್ಟು ಕುಗ್ಗಿದೆ. ಸುಮಾರು 41,000 ವರ್ಷಗಳ ಹಿಂದೆ ಅದು ಇಂದಿನ ಹತ್ತನೆಯ ಒಂದು ಭಾಗದ ಆಸುಪಾಸಿಗೆ ಕುಸಿದಿತ್ತೆಂದು ಲಾವಾ ಮತ್ತು ಹೂಳು ಹೇಳುತ್ತವೆ. ಈಗಿನ ಇಳಿತ ಮಾಮೂಲಿನದೋ ಅಲ್ಲವೋ ಎಂದು ತಿಳಿಯಲು ಕಳೆದ ಎರಡು ಮೂರು ಸಾವಿರ ವರ್ಷಗಳ ಲೆಕ್ಕ ಬೇಕು. ಆ ಲೆಕ್ಕದಲ್ಲಿ ಯುರೋಪಿನದೇ ಸಿಂಹಪಾಲು; ನಮ್ಮ ನಾಡಿನ ಪಾಲು ತೀರಾ ಕಡಿಮೆ.

ಹಳೆಯ ಕೆರೆಗಳಿಗೆ ನಮ್ಮಲ್ಲಿ ಬರವೇ? ತಾಳಗುಂದದ 5ನೇ ಶತಮಾನದ ಕದಂಬ ಸ್ತಂಭಶಾಸನವೇ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ನಿಜ, ಹಿರಿಯರೂ ಬುಟ್ಟಿಯಲ್ಲಿ ಹೂಳು ಹೊತ್ತು ಹಾಕಿದ್ದಾರೆ, ಎಮ್ಮೆಗಳು ಅಂಚನ್ನು ತುಳಿದು ಕಲಸಿವೆ, ಕೊಳೆತ ಎಲೆಯ ನಡುವೆ ಕಬ್ಬಿಣ ಕರಗಿಯೂ ಹೋಗುತ್ತದೆ. ಎಲ್ಲ ಕೆರೆಯೂ ಓದಲು ಬರುವುದಿಲ್ಲ. ಯಾವುದು ಬರುತ್ತದೆ ಎಂದು ನೋಡುವುದಕ್ಕಾದರೂ ಮಣ್ಣು ಉಳಿದಿರಬೇಕಲ್ಲ!

ನಾನು ಕೇಳುವುದು ಇಷ್ಟೇ. ಹೂಳೆತ್ತುವ ಅಂದಾಜುಪಟ್ಟಿಯಲ್ಲಿ ಒಂದು ಸಾಲು ಸೇರಿಸಲಿ: ಕೆರೆಯ ನಡುಭಾಗದಲ್ಲಿ ಪಿವಿಸಿ ಪೈಪನ್ನು (ಕಬ್ಬಿಣದ್ದು ಕೂಡದು) ನೆಟ್ಟಗೆ ತಳದವರೆಗೆ ಇಳಿಸಿ, ಮೇಲ್ತುದಿ ಯಾವುದು, ಉತ್ತರ ಯಾವ ಕಡೆ ಎಂದು ಅದರ ಮೇಲೆ ಗುರುತು ಮಾಡಿ, ಹಸಿ ಆರದಂತೆ ಎರಡೂ ತುದಿ ಮುಚ್ಚಿ ತೆಗೆದಿಡುವುದು. ಭೂವಿಜ್ಞಾನ ಕಲಿಸುವ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲೇ ಇದೆ, ಭಾರತೀಯ ಭೂಕಾಂತತ್ವ ಸಂಸ್ಥೆ ನವಿ ಮುಂಬೈಯಲ್ಲಿದೆ. ಜಿಲ್ಲಾಡಳಿತ ಒಂದು ಪತ್ರ ಬರೆದು ಕೇಳಬಾರದೇ? ಕೆರೆಯ ಪಕ್ಕ ಹಳೆಯ ಆವಿಗೆಯ ಸುಟ್ಟ ನೆಲ ಸಿಕ್ಕರೆ ಅದನ್ನೂ ಅಗೆದು ಚೆಲ್ಲದೆ ತೋರಿಸಲಿ.

ಹೋದ ವರ್ಷ ನನ್ನ ತೋಟಕ್ಕೆ ಬಂದ ಗೋಡಿನಲ್ಲಿ ಎಷ್ಟು ಶತಮಾನ ಕಲಸಿಹೋಯಿತೋ ಎಂಬ ನೋವು ನನಗಿದೆ. ನಮ್ಮ ಕೆರೆಯ ನಡುವೆ ಇನ್ನೂ ಒಂದು ತುಂಡು ಜಾಗವನ್ನು ಯಂತ್ರ ಮುಟ್ಟಿಲ್ಲ. ರೋಹಿಣಿ ಮಳೆ ಹಿಡಿಯುವುದರೊಳಗೆ ತಿಳಿದವರು ಯಾರಾದರೂ ಬಂದರೆ ಪೈಪು, ಆಳು, ಮಧ್ಯಾಹ್ನದ ಊಟ ನನ್ನದು.

ಇಂತಿ,
ಒಬ್ಬ ಅಡಿಕೆ ಬೆಳೆಗಾರ
ಶಿಕಾರಿಪುರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ