ಗೆಳೆಯನಿಗೊಂದು ಪತ್ರ: ರೂಸ್‌ವೆಲ್ಟ್ ಹೆಸರಿನ ಜೀರುಂಡೆ

ಪ್ರಿಯ ಗೆಳೆಯ,

ಒಂದು ಜೀರುಂಡೆ ಹೊಸದೆಂದು ಹೇಳಲು ಅಷ್ಟೊಂದು ಪುಟಗಳು ಏಕೆ ಬೇಕು, ಫೋಟೊ ಹಾಕಿ ಹೆಸರಿಟ್ಟರೆ ಸಾಲದೆ ಎಂದು ಕೇಳಿದ್ದೆಯಲ್ಲ. ಎರಡು ಮಾತಿನಲ್ಲಿ ಮುಗಿಯುವ ಉತ್ತರ ಅದಲ್ಲ. ಹಾಗಾಗಿ ನನಗೆ ಬಹಳ ಹಿಡಿಸಿದ ಒಂದು ಪ್ರಬಂಧವನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. 2011ರಲ್ಲಿ ಆರನ್ ಸ್ಮಿತ್, ಕೆಲ್ಲಿ ಮಿಲ್ಲರ್ ಮತ್ತು ಕ್ವೆಂಟಿನ್ ವೀಲರ್ ಎಂಬ ಕೀಟವಿಜ್ಞಾನಿಗಳು ‘ಜೂಕೀಸ್’ ಎಂಬ ಪ್ರಾಣಿವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವದು. ಮೆಕ್ಸಿಕೊದ ಕೊವಾವಿಲಾ ರಾಜ್ಯದ ಕ್ವಾತ್ರೊ ಸಿಯೆನೆಗಾಸ್ ಕಣಿವೆಯ ಒಂದು ಡಾರ್ಕ್ಲಿಂಗ್ ಜೀರುಂಡೆಗೆ ಆ ಪ್ರಬಂಧದಿಂದ ಸ್ಟೆನೊಮಾರ್ಫಾ ರೂಸ್‌ವೆಲ್ಟಿ ಎಂಬ ಹೆಸರು ಬಂತು.

ಡಾರ್ಕ್ಲಿಂಗ್ ಜೀರುಂಡೆಗಳ ಕುಟುಂಬ ನಿನಗೆ ಅಪರಿಚಿತವೇನಲ್ಲ. ಬಹುದಿನ ಇಟ್ಟ ರವೆಯನ್ನೋ ಮೈದಾವನ್ನೋ ಜರಡಿ ಹಿಡಿದಾಗ ಸಿಗುವ ಕೆಂಗಂದು ಬಣ್ಣದ ಪುಟ್ಟ ಹುಳು, ಟ್ರೈಬೋಲಿಯಮ್ ಕ್ಯಾಸ್ಟೇನಿಯಮ್, ಇದೇ ಟೆನೆಬ್ರಿಯಾನಿಡೆ ಕುಟುಂಬಕ್ಕೆ ಸೇರಿದ್ದು. ನಮ್ಮ ಅಡುಗೆಮನೆಯಿಂದ ಹಿಡಿದು ಆಫ್ರಿಕದ ನಮೀಬ್ ಮರುಭೂಮಿಯವರೆಗೆ ಈ ಕುಟುಂಬದ ಸುಮಾರು 30,000 ಪ್ರಭೇದಗಳು ಹರಡಿಕೊಂಡಿವೆ. ಆ ಹುಳುವನ್ನೇ ಒಂದು ಒಳ್ಳೆಯ ಭೂತಗನ್ನಡಿಯ ಕೆಳಗಿಟ್ಟು ಪಾದಗಳನ್ನು ನೋಡು. ಮುಂದಿನ ಎರಡು ಜೋಡಿ ಕಾಲುಗಳ ಪಾದಗಳಲ್ಲಿ ಐದೈದು ಗೆಣ್ಣುಗಳಿರುತ್ತವೆ, ಹಿಂದಿನ ಜೋಡಿಯಲ್ಲಿ ನಾಲ್ಕೇ. ಮೇಲಿನಿಂದ ನೋಡಿದರೆ ಕುಡಿಮೀಸೆಗಳು ಹುಟ್ಟುವ ಜಾಗ ಕಾಣುವುದಿಲ್ಲ. ತಲೆಯ ಅಂಚು ಸೂರಿನಂತೆ ಚಾಚಿಕೊಂಡು ಅದನ್ನು ಮುಚ್ಚಿರುತ್ತದೆ. ಪಾದದ ಗೆಣ್ಣುಗಳ ಈ ಲೆಕ್ಕ ಬೇರೆ ಕೆಲವು ಕುಟುಂಬಗಳಲ್ಲೂ ಇರುವುದರಿಂದ ಒಂದೇ ಗುರುತನ್ನು ನಂಬಿ ತೀರ್ಮಾನಕ್ಕೆ ಬರುವ ಹಾಗಿಲ್ಲ. ಪುಟಗಳು ಹೆಚ್ಚಾಗುವುದು ಇಲ್ಲಿಂದಲೇ ಶುರು.

ಸ್ಟೆನೊಮಾರ್ಫಾ ಕುಲ ಸೇರಿರುವ ಆಸಿಡಿನಿ ಎಂಬ ಗುಂಪಿನ ಜೀರುಂಡೆಗಳು ಹಾರಲಾರವು. ಬೆನ್ನ ಮೇಲಿನ ಗಟ್ಟಿ ಮುಂರೆಕ್ಕೆಗಳೆರಡೂ ನಡುವೆ ಬೆಸೆದುಕೊಂಡು ಒಂದೇ ಕವಚವಾಗಿರುತ್ತವೆ. ಉಸಿರಾಟದ ರಂಧ್ರಗಳಲ್ಲಿ ಹಲವು ಆ ಕವಚದ ಕೆಳಗಿನ ಮುಚ್ಚಿದ ಜಾಗಕ್ಕೆ ತೆರೆದುಕೊಳ್ಳುವುದರಿಂದ ಒಣ ನೆಲದಲ್ಲಿ ಮೈಯ ನೀರು ಸುಲಭವಾಗಿ ಆವಿಯಾಗಿ ಹೋಗುವುದಿಲ್ಲ. ಆದರೆ ಹಾರಲಾಗದ ಜೀವ ದೂರ ಹೋಗಲಾರದು. ಬೆಟ್ಟಸಾಲಿನ ಆಚೆಗಿನ ಸಂತತಿಯೊಡನೆ ಕೂಡುವ ಅವಕಾಶ ತಪ್ಪಿ, ಕಾಲಕ್ರಮದಲ್ಲಿ ಒಂದೊಂದು ಕಣಿವೆಯಲ್ಲಿ ಒಂದೊಂದು ಬಗೆ ರೂಪುಗೊಳ್ಳಬಹುದು. ಅಣ್ಣತಮ್ಮಂದಿರಷ್ಟು ಹೋಲುವ ಇಂಥ ಜೀವಿಗಳ ನಡುವೆ ಗೆರೆ ಎಳೆಯುವುದು ಸುಲಭದ ಕೆಲಸವಲ್ಲ.

ಆದ್ದರಿಂದ ‘ಇದು ಹೊಸದು’ ಎನ್ನುವ ಮೊದಲು, ಆ ಕುಲದಲ್ಲಿ ಹಿಂದೆ ಯಾರು ಯಾರು ಏನೇನು ಹೆಸರಿಟ್ಟಿದ್ದಾರೆ ಎಂಬುದನ್ನು ಪೂರ್ತಿ ಜಾಲಾಡಬೇಕು. ಸ್ಟೆನೊಮಾರ್ಫಾ ಕುಲವನ್ನು ಫ್ರೆಂಚ್ ಕೀಟವಿಜ್ಞಾನಿ ಸೋಲಿಯೆ ಸ್ಥಾಪಿಸಿದ್ದು 1836ರಲ್ಲಿ. ಪ್ರಾಣಿಗಳ ಹೆಸರಿನ ಲೆಕ್ಕವಂತೂ ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ನ ಕಾಲದ 1758ರಿಂದಲೇ ನಡೆದುಬಂದಿದೆ. ಮೊದಲು ಇಟ್ಟ ಹೆಸರಿಗೇ ಮಾನ್ಯತೆ ಎಂಬುದು ನಿಯಮವಾದ್ದರಿಂದ, ಹಳೆಯ ಹೆಸರೊಂದು ಕಣ್ಣು ತಪ್ಪಿದರೆ ಹೊಸ ಹೆಸರು ಬಿದ್ದುಹೋಗುತ್ತದೆ. ಅದಾದ ಮೇಲೆ ಒಂದೇ ಒಂದು ಜೀರುಂಡೆಯನ್ನು ಹೋಲೋಟೈಪ್ ಎಂದು ಆರಿಸಬೇಕು. ಸಾಮಾನ್ಯವಾಗಿ ಬಲ ಮುಂರೆಕ್ಕೆಯ ಮೂಲಕ ಪಿನ್ ಚುಚ್ಚಿ, ಸಿಕ್ಕ ಊರು, ದಿನಾಂಕ, ಸಂಗ್ರಹಿಸಿದವರ ಹೆಸರುಳ್ಳ ಚೀಟಿಗಳನ್ನು ಅದೇ ಪಿನ್ನಿಗೆ ಪೋಣಿಸಿ, ಅದನ್ನು ಸಂಗ್ರಹಾಲಯದಲ್ಲಿ ಕಾಪಾಡುತ್ತಾರೆ. ನೂರು ವರ್ಷದ ನಂತರ ಯಾರಿಗಾದರೂ ಅನುಮಾನ ಬಂದರೆ, ಹೆಸರು ಯಾವ ಜೀವಿಯದೆಂಬುದಕ್ಕೆ ಕೊನೆಯ ಸಾಕ್ಷಿ ಆ ಒಂದು ದೇಹವೇ. ಫೋಟೊ ಸಾಲದಿರುವುದು ಇದಕ್ಕೇ ಗೆಳೆಯ. ಪಾದದ ಅಡಿಯ ರೋಮವನ್ನಾಗಲಿ, ಗಂಡಿನ ಜನನಾಂಗದ ಆಕಾರವನ್ನಾಗಲಿ ಫೋಟೊದೊಳಗೆ ತಿರುಗಿಸಿ ನೋಡಲಾಗದು.

ಈ ಪ್ರಬಂಧದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಸ್ಟೆನೊಮಾರ್ಫಾ ಕುಲದೊಳಗಿನ ‘ಫರ್ಕಾಟಾ’ ಎಂಬ ಗುಂಪಿನ ಗುರುತಿನ ಕೀಲಿ. ಆ ಗುಂಪಿನಲ್ಲಿ ಹೊಸ ಜೀರುಂಡೆಯ ಜೊತೆಗಿರುವ ಪ್ರಭೇದಗಳನ್ನೂ ಸೇರಿಸಿ, ಲಕ್ಷಣಗಳನ್ನು ಜೋಡಿ ಜೋಡಿಯಾಗಿ ಎದುರುಬದುರು ಇಟ್ಟು, ‘ಹೀಗಿದ್ದರೆ ಇತ್ತ, ಹಾಗಿದ್ದರೆ ಅತ್ತ’ ಎಂದು ಓದುಗನನ್ನು ಸರಿಯಾದ ಹೆಸರಿನವರೆಗೆ ನಡೆಸಿಕೊಂಡು ಹೋಗುವ ಭಾಗವದು. ಒಂದನ್ನು ಹೊಸದೆಂದು ಸಾರುವವನು ಉಳಿದವುಗಳನ್ನೂ ಅಷ್ಟೇ ಚೆನ್ನಾಗಿ ಬಲ್ಲವನಾಗಿರಬೇಕು. ಮುಂದೆ ಅದೇ ಮರುಭೂಮಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಇಂಥದೊಂದು ಜೀರುಂಡೆ ಸಿಕ್ಕರೆ ಅವನು ತಡಕಾಡಬೇಕಾಗಿಲ್ಲ.

ಹೆಸರಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. 1911ರ ಮಾರ್ಚ್ 20ರಂದು ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅರಿಜೋನಾದ ಟೆಂಪಿ ನಾರ್ಮಲ್ ಸ್ಕೂಲಿನಲ್ಲಿ ಭಾಷಣ ಮಾಡಿದ್ದರು. ಆ ಶಾಲೆಯೇ ಇಂದಿನ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ. ಸ್ಮಿತ್ ಮತ್ತು ವೀಲರ್ ಆಗ ಅಲ್ಲಿಯೇ ಕೆಲಸ ಮಾಡುತ್ತಿದ್ದರು. ಭಾಷಣಕ್ಕೆ ನೂರು ವರ್ಷ ತುಂಬಿದಾಗ, ಕಾಡು ಮತ್ತು ವನ್ಯಜೀವಿಗಳ ರಕ್ಷಣೆಗೆ ರೂಸ್‌ವೆಲ್ಟ್ ಮಾಡಿದ ಕೆಲಸವನ್ನು ನೆನೆದು ಈ ಹೆಸರಿಟ್ಟರು. ಗೌರವದ ಹೆಸರುಗಳಿಗಿಂತ ಊರನ್ನೋ ರೂಪವನ್ನೋ ಸೂಚಿಸುವ ಹೆಸರುಗಳೇ ನನಗೆ ಹೆಚ್ಚು ಇಷ್ಟ. ಇಲ್ಲಿ ಕಣಿವೆಯ ಹೆಸರೇ ಇರಬಹುದಿತ್ತು ಎನ್ನಿಸುತ್ತದೆ.

ಏಕೆಂದರೆ ಆ ಕಣಿವೆ ಅಂಥದ್ದು. ಚಿವಾವಾ ಮರುಭೂಮಿಯ ನಡುವೆ ನೀಲಿ ಚಿಲುಮೆ ಕೊಳಗಳು, ಬಿಳಿ ಜಿಪ್ಸಮ್ ದಿಬ್ಬಗಳು, ಜಗತ್ತಿನಲ್ಲಿ ಬೇರೆಲ್ಲೂ ಕಾಣದ 70ಕ್ಕೂ ಹೆಚ್ಚು ಪ್ರಭೇದಗಳು. 1994ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಆದರೂ ಕುದುರೆಮಸಾಲೆ ಮೇವಿನ ಬೇಸಾಯಕ್ಕಾಗಿ ಕಾಲುವೆ, ಕೊಳವೆಬಾವಿಗಳ ಮೂಲಕ ನೀರು ಹೊರಹೋಗುತ್ತಲೇ ಇದ್ದು, ಚುರಿನ್ಸೆ ಎಂಬ ಜಲವ್ಯವಸ್ಥೆಯ ಲಗೂನು, ಅಂದರೆ ಆಳವಿಲ್ಲದ ಸರೋವರ, ಒಣಗಿಯೇ ಹೋಯಿತು. ಇದು ನನ್ನನ್ನು ನಿಜವಾಗಿ ಕಾಡುತ್ತದೆ. ಹೆಸರಿಲ್ಲದ ಜೀವಿ ಅಳಿದರೆ ಅಳಿದವುಗಳ ಪಟ್ಟಿಯಲ್ಲೂ ಅದಕ್ಕೆ ಜಾಗವಿರುವುದಿಲ್ಲ.

ಪ್ರಬಂಧವನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಮೊದಲ ಪುಟದಿಂದ ಶುರು ಮಾಡಬೇಡ. ನೇರವಾಗಿ ಕೀಲಿಗೆ ಹೋಗು, ಚಿತ್ರಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಒಂದೊಂದೇ ಜೋಡಿಯನ್ನು ಓದುತ್ತಾ ಬಾ. ಎಲ್ಲಿ ಅನುಮಾನ ಬಂತೆಂದು ನನಗೆ ಬರೆ.

ಇಂತಿ,
ನಿನ್ನ ಗೆಳೆಯ