ರಿಪೇರಿಗೂ ಹಣ ಕೊಟ್ಟವರಿಗೆ

ಉತ್ತರ ಶ್ರೀಲಂಕಾದ ವವುನಿಯಾದಲ್ಲಿರುವ ನಮ್ಮ ಪುಟ್ಟ ಕೃತಕ ಕಾಲಿನ ಕೇಂದ್ರಕ್ಕೆ ಮೂರು ವರ್ಷಗಳ ಅನುದಾನ ಮಂಜೂರಾಗಿದೆ. ಕೇಂದ್ರ ಮುಚ್ಚುವುದಿಲ್ಲ. ಈ ಮಾತು ಹೇಳುವ ದಿನಕ್ಕಾಗಿ ವರ್ಷಕ್ಕೂ ಮಿಕ್ಕಿ ಕಾದಿದ್ದೇವೆ. ಆ ಕಷ್ಟಕಾಲದಲ್ಲಿ ಕೈಹಿಡಿದವರಲ್ಲಿ ಕನ್ನಡಿಗರೂ ಇದ್ದೀರಿ. ಆದ್ದರಿಂದ ಈ ಕೃತಜ್ಞತೆಯ ಬರಹ ಕನ್ನಡದಲ್ಲಿ.

ನಾನು ಬೆಂಗಳೂರಿನಲ್ಲಿ ಕೃತಕ ಅಂಗ ತಯಾರಿಕೆ ಕಲಿತವಳು. ಶ್ರೀಲಂಕಾದ ಸಹಪಾಠಿಗಳು ಕರೆದದ್ದರಿಂದ ಇಲ್ಲಿಗೆ ಬಂದು ನೆಲೆನಿಂತೆ. 1983ರಲ್ಲಿ ಹೊತ್ತಿಕೊಂಡ ಇಲ್ಲಿನ ಯುದ್ಧ 2009ರ ಮೇ ತಿಂಗಳಲ್ಲಿ ಮುಲ್ಲೈತೀವು ಕರಾವಳಿಯಲ್ಲಿ ಮುಗಿಯಿತು. ಆದರೆ ನೆಲಬಾಂಬಿಗೋ ಶೆಲ್ಲಿಗೋ ಕಾಲು ಕಳೆದುಕೊಂಡವರ ಲೆಕ್ಕ ಮುಗಿಯುವುದು ಅವರ ಆಯುಷ್ಯದ ಜೊತೆಗೆ. ದಾನಿಗಳಿಗೆ ಇದನ್ನು ಅರ್ಥ ಮಾಡಿಸುವುದೇ ನಮ್ಮ ಕೆಲಸದ ಅತಿ ಕಠಿಣ ಭಾಗ.

ಒಂದು ಕೃತಕ ಕಾಲು ಒಬ್ಬ ವಯಸ್ಕರಿಗೆ ಮೂರರಿಂದ ಐದು ವರ್ಷ ಬಾಳುತ್ತದೆ. ಬೆಳೆಯುವ ಮಗುವಿಗೆ ಆರು ತಿಂಗಳಿಗೊಮ್ಮೆ ಬದಲಿಸಬೇಕು. ಹತ್ತು ವರ್ಷದ ಮಗುವೊಂದು ಇನ್ನೂ ನಲವತ್ತು ಐವತ್ತು ವರ್ಷ ಬದುಕುವುದಾದರೆ ಅದಕ್ಕೆ ಸುಮಾರು 25 ಕಾಲುಗಳು ಬೇಕಾಗುತ್ತವೆ. ಮೊಣಕಾಲಿನ ಕೆಳಗೆ ಉಳಿದ ಭಾಗ ದಿನ ಕಳೆದಂತೆ ಸೊರಗುತ್ತದೆ, ಅದನ್ನು ಹಿಡಿದಿಡುವ ಬಟ್ಟಲಿನಂಥ ಸಾಕೆಟ್ ಸಡಿಲವಾಗುತ್ತದೆ, ಸೆಕೆಗೆ ಬೆವರಿ ಹುಣ್ಣಾಗುತ್ತದೆ. ಮಕ್ಕಳಲ್ಲಂತೂ ಮೂಳೆ ಚರ್ಮಕ್ಕಿಂತ ಮುಂದೆ ಬೆಳೆದು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದುಂಟು. ಯುದ್ಧದ ಕೊನೆಯ ತಿಂಗಳುಗಳಲ್ಲಿ ಗಾಯಗೊಂಡ ಹುಡುಗಿಯರು ಈಗ ತಾಯಂದಿರು. ಗರ್ಭಿಣಿಯಾದಾಗ ಕಾಲು ಊದಿ ಸಾಕೆಟ್ ಹಿಡಿಯುವುದಿಲ್ಲ, ಹೆರಿಗೆಯಾದ ಮೇಲೆ ಅದೇ ಸಾಕೆಟ್ ದೊಗಳೆಯಾಗುತ್ತದೆ. ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ದೊಗಳೆ ಸಾಕೆಟ್‌ನಲ್ಲಿ ನಡೆಯುವುದು ಎಷ್ಟು ಅಪಾಯ ಎಂಬುದನ್ನು ಅನುದಾನದ ಅರ್ಜಿಯ ಯಾವ ಅಂಕಣದಲ್ಲಿ ತುಂಬಬೇಕು?

ಹೊಸ ಫಲಾನುಭವಿಗಳು ಎಷ್ಟು ಮಂದಿ ಎಂದು ಕೇಳುವ ಅಂಕಣವೇನೋ ಇರುತ್ತದೆ. ಹಳಬರೇ ಮರಳಿ ಬಂದರೆ ಹಾಕಲು ಜಾಗವಿರುವುದಿಲ್ಲ. ಸಾಮಗ್ರಿಗೆ, ಯಂತ್ರಕ್ಕೆ, ಉದ್ಘಾಟನೆಗೆ ಹಣ ಸಿಗುತ್ತದೆ. ತಂತ್ರಜ್ಞರ ಸಂಬಳ, ಮುಲ್ಲೈತೀವಿನಿಂದ ಬರುವವರ ಬಸ್ ಚಾರ್ಜು, ಪ್ಲಾಸ್ಟಿಕ್ ಹಾಳೆ ಕಾಯಿಸುವ ಓವನ್ನಿನ ವಿದ್ಯುತ್ ಬಿಲ್ಲು, ಇವೆಲ್ಲ ಆಡಳಿತ ವೆಚ್ಚವೆಂದು ಕೆಂಪು ಗೆರೆ ಬೀಳುತ್ತದೆ. ತಂತ್ರಜ್ಞರಿಲ್ಲದೆ ಪಾಲಿಪ್ರೊಪಿಲೀನ್ ಎಂಬ ಆ ಪ್ಲಾಸ್ಟಿಕ್ ಹಾಳೆ ತಾನಾಗಿ ಕಾಲಾಗುವುದಿಲ್ಲವಲ್ಲ!

2022ರ ಆರ್ಥಿಕ ಬಿಕ್ಕಟ್ಟಿನಲ್ಲಿ ಡೀಸೆಲ್ ಇಲ್ಲದೆ, ಆಮದು ನಿಂತು, ಹಳೆಯ ಕಾಲುಗಳ ಭಾಗಗಳನ್ನೇ ಬಿಚ್ಚಿ ಜೋಡಿಸುತ್ತಾ ಹೇಗೋ ದಾಟಿದೆವು. 2025ರ ಜನವರಿಯಲ್ಲಿ ಅಮೆರಿಕದ ವಿದೇಶಿ ನೆರವು ತಡೆಹಿಡಿಯಲ್ಪಟ್ಟಾಗ ಜಗತ್ತಿನ ಎಷ್ಟೋ ಸಂಸ್ಥೆಗಳಂತೆ ನಮ್ಮ ದಾನಿಗಳ ಕೈಯೂ ಬಿಗಿಯಾಯಿತು. 1989ರಲ್ಲಿ ಅಮೆರಿಕದ ಸೆನೆಟರ್ ಪ್ಯಾಟ್ರಿಕ್ ಲೇಹಿಯವರ ಪ್ರಯತ್ನದಿಂದ ಶುರುವಾಗಿ, ಮುಂದೆ ಅವರ ಹೆಸರನ್ನೇ ಪಡೆದ ಯುದ್ಧ ಸಂತ್ರಸ್ತರ ನಿಧಿ ಅನೇಕ ದೇಶಗಳಲ್ಲಿ ಇಂಥ ಕಾರ್ಯಾಗಾರಗಳನ್ನು ಕಟ್ಟಿ ನಿಲ್ಲಿಸಿತ್ತು. ಅಂಥ ಹಣದ ಋಣ ನಮ್ಮ ವೃತ್ತಿಯವರೆಲ್ಲರ ಮೇಲೂ ಇದೆ. ಗಾಜಾ, ಸುಡಾನ್, ಉಕ್ರೇನ್‌ಗಳಿಗೆ ಹಣ ಹೋಗಲಿ, ಇನ್ನೂ ಹೆಚ್ಚು ಹೋಗಲಿ. ಇಂದು ಅಲ್ಲಿ ಕಾಲು ಕಳೆದುಕೊಳ್ಳುತ್ತಿರುವ ಮಕ್ಕಳಿಗೂ ಹದಿನೈದು ವರ್ಷದ ನಂತರ ಸಾಕೆಟ್ ಬದಲಿಸಬೇಕಾಗುತ್ತದೆ ಎಂಬುದನ್ನು ಮಾತ್ರ ಈಗಲೇ ಯಾರಾದರೂ ಬಜೆಟ್ಟಿನಲ್ಲಿ ಬರೆದಿಡಲಿ.

ಈ ಸಲ ಅನುದಾನ ಕೊಟ್ಟವರು ತಮ್ಮ ಹೆಸರು ಹಾಕಬಾರದೆಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ಪ್ರತಿನಿಧಿ ಬಂದವರು ಕಾರ್ಯಾಗಾರದ ಮೂಲೆಯಲ್ಲಿ ಕುಳಿತು ಇಡೀ ದಿನ ರಿಪೇರಿ ನೋಡಿದರು. ಸವೆದ ರಬ್ಬರ್ ಪಾದ, ಹರಿದ ಪಟ್ಟಿ, ಗದ್ದೆಯ ಕೆಸರು ಹೊಕ್ಕ ತಿರುಪು. ಸಂಜೆ ಅವರು ಕೇಳಿದ್ದು, ಇದಕ್ಕೆಲ್ಲ ವರ್ಷಕ್ಕೆ ಎಷ್ಟಾಗುತ್ತದೆ ಎಂದು. ಅಂಥ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ. ಸಂಬಳ, ರಿಪೇರಿ, ಪ್ರಯಾಣ ಮೂರಕ್ಕೂ ಹಣ ಬರೆದುಕೊಟ್ಟಿದ್ದಾರೆ, ಅದೂ ಮೂರು ವರ್ಷಕ್ಕೆ. ಆ ಹಿರಿಯರಿಗೆ ತಲೆಬಾಗುತ್ತೇನೆ.

ನಡುವಿನ ತಿಂಗಳುಗಳನ್ನು ದಾಟಿಸಿದವರು ನೀವು. ದುಬೈ, ಮಸ್ಕತ್, ಸಿಂಗಪುರದ ಕನ್ನಡಿಗರು ಸಣ್ಣ ಸಣ್ಣ ಮೊತ್ತವನ್ನು ತಪ್ಪದೆ ಕಳುಹಿಸಿದಿರಿ. ಯುದ್ಧವೂ ನಿಮ್ಮದಲ್ಲ, ಊರೂ ನಿಮ್ಮದಲ್ಲ, ಆದರೂ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಬೆಂಗಳೂರಿನ ನನ್ನ ಗುರುಗಳು ಕಷ್ಟದ ಸಾಕೆಟ್‌ಗಳನ್ನು ವಿಡಿಯೊ ಕರೆಯಲ್ಲಿ ನೋಡಿ ತಿದ್ದಿಸಿದರು. ಕಟ್ಟಡದ ಮಾಲೀಕರು ಬಾಡಿಗೆಯ ಮಾತೆತ್ತಲಿಲ್ಲ. ಅರ್ಧ ಸಂಬಳಕ್ಕೆ ದುಡಿದ ನಮ್ಮ ತಂತ್ರಜ್ಞರಲ್ಲಿ ಇಬ್ಬರು ಸ್ವತಃ ಕೃತಕ ಕಾಲಿನವರು. ಬೇರೆಡೆ ಹೆಚ್ಚು ಸಂಬಳದ ಕೆಲಸ ಸಿಕ್ಕಿದರೂ ಅವರು ಹೋಗಲಿಲ್ಲ. ಕಿಳಿನೊಚ್ಚಿ ಕಡೆಯ ಹೆಂಗಸರು ಸುಗ್ಗಿಯಾದ ಮೇಲೆ ಅಕ್ಕಿ ಮೂಟೆಗಳನ್ನು ಬಸ್ಸಿನ ಮೇಲೆ ಹಾಕಿ ಕಳುಹಿಸಿದರು. ನಮ್ಮಿಂದ ಕಾಲು ಪಡೆದವರು ನಮಗೆ ಊಟ ಹಾಕಿದ ತಿಂಗಳುಗಳವು.

ಮೊದಲ ಕಂತು ಕೈಸೇರಿದೆ. ಸಿಬ್ಬಂದಿಯ ಬಾಕಿ ಸಂಬಳ ಕೊಟ್ಟಾಗಿದೆ. ಹುಣ್ಣಾಗಿ ಮನೆಯಲ್ಲೇ ಕುಳಿತವರ ಪಟ್ಟಿ ಮಾಡಿದ್ದೇವೆ, ಅವರಿಗೆ ಮೊದಲ ಸರದಿ. ಆಮೇಲೆ ಗರ್ಭಿಣಿಯರು ಮತ್ತು ಬಾಣಂತಿಯರು. ಕಷ್ಟಕಾಲದಲ್ಲಿ ಹಣ ಕಳುಹಿಸಿದ ಪ್ರತಿಯೊಬ್ಬರಿಗೂ ಪರಿಶೋಧಿತ ಲೆಕ್ಕಪತ್ರ ತಲುಪುತ್ತದೆ. ಅದರಲ್ಲಿ ರಿಪೇರಿಗೆಂದೇ ಒಂದು ಅಂಕಣ ಇರುತ್ತದೆ, ದಯವಿಟ್ಟು ಅದನ್ನು ಓದಿ.